ಚಿಗರಿಯ ಬಾಯಿ ಮುಚ್ಚಿಸಿದವನು

ತುರ್ವಿಹಾಳದ ಸೂಗಪ್ಪನ ಮನೆಯ ಪಡಸಾಲೆಯಲ್ಲಿ ಚಿಗರಿ ಎಂಬ ನಾಯಿ ಬೊಗಳಲು ನಿಂತರೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಮಗಳು ಅಮರಮ್ಮನನ್ನು ನೋಡಲು ಬಂದ ಇಬ್ಬರು ಗಂಡುಗಳು ಅವಳ ಹೆಸರು ಕೇಳುವ ಮೊದಲೇ ಎದ್ದು ಹೋಗಿದ್ದರು. ಅವಳಿಗೇನೂ ಬೇಸರವಾಗಲಿಲ್ಲ. ಒಬ್ಬನಿಗೆ ಗೋಣೇ ಇರಲಿಲ್ಲ; ಇನ್ನೊಬ್ಬ ಬಸಿಯ ಚಹಾದಲ್ಲಿ ಮೀಸೆ ಅದ್ದಿಕೊಂಡು ಕುಡಿದಿದ್ದ.

“ಸಿಂಧನೂರಿನ ಗಂಡಿನವರು ಬರೂದ್ರಾಗ ಇದರ ಬಾಯಿ ನಿಲ್ಲಬೇಕು. ಇಲ್ಲಾಂದ್ರ ಗುರುಗುಂಟಾದ ಕುರಿಯವರಿಗೆ ಕೊಟ್ಟು ಬರ್ತೀನಿ,” ಎಂದ ಸೂಗಪ್ಪ.

ಅದು ತೊಂಬತ್ತೆರಡರ ಮಳೆಗಾಲ. ಗದ್ದೆಯ ಕೆಸರು ಹೊಡೆಯಲು ಮುಕ್ಕುಂದದಿಂದ ಟ್ರ್ಯಾಕ್ಟರ್ ತಂದಿದ್ದ ಆದಪ್ಪ ಅದೇ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದ. ಚಿಗರಿ ಬೊಗಳಿತು. ಸೂಗಪ್ಪ ರೊಟ್ಟಿಯ ಚೂರು ಎಸೆದ. ತಿಂದು ಮತ್ತೆ ಬೊಗಳಿತು.

ಆದಪ್ಪ ನಕ್ಕ. “ಕಾಕಾ, ನೀವ ಕೂಲಿ ಕೊಟ್ಟು ಬೊಗಳಸಾಕತ್ತೀರಿ.”

“ನೀ ಸುಮ್ನ ಮಾಡಸು ನೋಡೂಣು, ದೊಡ್ಡ ಜಾಣ,” ಎಂದಳು ಅಮರಮ್ಮ. ಕೆಸರು ಒಣಗಿದ ಅವನ ಕಾಲು ನೋಡಿ ಮೂಗು ಮುರಿದಳು. ಮತ್ತೊಮ್ಮೆ ನೋಡಿದಳು.

ಬೊಗಳಿದರೆ ಬೆನ್ನು ತಿರುಗಿಸಬೇಕು, ಸುಮ್ಮನಾದ ಮೇಲೆ ರೊಟ್ಟಿ. ಅವನು ಹೇಳಿದ್ದು ಇಷ್ಟೇ. ಅವನು ಉಣ್ಣಲು ಬಂದಾಗಲೆಲ್ಲ ಅವನೂ ಅಮರಮ್ಮನೂ ಗೋಡೆಗೆ ಮುಖಮಾಡಿ ಕೂತರು. ಮೊದಮೊದಲು ನಾಯಿ ಇನ್ನೂ ಜೋರಾಗಿ ಬೊಗಳಿತು.

“ಭಾಳ ದೊಡ್ಡ ವಿದ್ಯಾ ಇದು. ನಮ್ಮ ಎಮ್ಮಿಗೂ ಗೋಡಿ ನೋಡೂದು ಬರ್ತದ,” ಎಂದಳು ಅವಳು.

“ಎಮ್ಮಿ ಹಿಂಗ ಕಣ್ಣಂಚಿಲೆ ನನ್ನ ನೋಡಂಗಿಲ್ಲ ಬಿಡು.”

“ನಿನ್ನ? ನಾ ಗೋಡಿಮ್ಯಾಲಿನ ಹಲ್ಲಿ ನೋಡಾಕತ್ತಿದ್ದೆ. ಅದರ ಮಾರಿಗೆ ಕಳಿ ಅದ.”

ಸಸಿ ನೆಡುವುದು ಮುಗಿಯುವ ಹೊತ್ತಿಗೆ ಚಿಗರಿ ಬದಲಾಗಿತ್ತು. ಪಕ್ಕದ ಮನೆಯ ಶಂಶಾದ್‌ಬೀ ಒಳಗೆ ಬಂದರೂ ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿಯೇ ಇತ್ತು.

“ಇನ್ನ ಸಿಂಧನೂರಿನವರು ಬರಲಿ!” ಎಂದು ಸೂಗಪ್ಪ ಹಿಗ್ಗಿದ.

ಆದಪ್ಪ ಎದೆಯುಬ್ಬಿಸಿ ಟ್ರ್ಯಾಕ್ಟರ್ ಹತ್ತಿದ. ಅಮರಮ್ಮ ಕೊಡ ಸೊಂಟಕ್ಕಿಟ್ಟುಕೊಂಡು ಅಡ್ಡ ನಿಂತಳು.

“ಹೊಂಟ್ಯಾ? ಇನ್ನೊಬ್ಬನ ಲಗ್ನಕ್ಕ ನಾಯಿ ತಯಾರ ಮಾಡಿಕೊಟ್ಟು ಹೊಂಟ ದಡ್ಡನ್ನ ನಾ ಎಲ್ಲೂ ನೋಡಿದ್ದಿಲ್ಲ.”

ಅರ್ಥವಾಗಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಅಷ್ಟೂ ಹೊತ್ತು ಅವಳು ತಿರಸ್ಕಾರದಿಂದ ನೋಡುತ್ತ ಕಾದಳು. ಅವನ ಕಿವಿಗಳು ಕೆಂಪಾದವು. ಎಂಜಿನ್ ಆರಿಸಿದ.

“ನಾ ಕೇಳಿದ್ರ ನಿಮ್ಮಪ್ಪ ಕೊಡ್ತಾನೇನು?”

“ಮೊದಲ ನಮ್ಮಪ್ಪನ್ನ ಯಾಕ ಕೇಳ್ತಿ? ನಾ ಇಲ್ಲೇ ನಿಂತೀನಲ್ಲ.”

“ನೀ… ಒಪ್ತಿಯಾ?”

ಅವಳು ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡಳು.

“ನಾಳಿಗೆ ನಿಮ್ಮವ್ವನ್ನ ಕರಕೊಂಡು ಬಾ. ಇಂಥವನ್ನ ಹೆತ್ತಾಕಿ ಮಾರಿ ಹೆಂಗದ, ನಾ ನೋಡಬೇಕು.”