ಎಳ್ಳಮಾಸಿಯ ದಿನ ಬಂದ ಸೈಕಲ್ಲುಗಳು

"ಇಳೀರಿ ಕೆಳಗ."

ಬದುವಿನ ಮೇಲೆ ಅಡ್ಡ ನಿಂತಿದ್ದ ಗುರುಬಾಯಿಯ ಕೈಯಲ್ಲಿ ಕುಡಗೋಲಿತ್ತು, ಮುಖದಲ್ಲಿ ಸಿಟ್ಟಿತ್ತು. ಎದುರಿಗೆ ಅವಳು ಎಂದೂ ಕಾಣದಂಥ ದಪ್ಪ ಗಾಲಿಯ ಸೈಕಲ್ಲು. ಅದರ ಮೇಲೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡ ಒಬ್ಬ ಅಪರಿಚಿತ.

"ಇಳೀತೇನ್ರಿ... ಖರೆ ಕಾಲೂರಾಕ ಜಾಗಾನೇ ಕಾಣವಲ್ದು," ಎಂದ ಅವನು. ಹಾಗೆನ್ನುತ್ತಲೇ ಸೈಕಲ್ ಸಮೇತ ಅವಳ ತೊಗರಿ ಹೊಲದೊಳಗೆ ಉರುಳಿದ.

ಮಳೆ ನಿಂತು ಒಂದು ತಾಸೂ ಆಗಿರಲಿಲ್ಲ. ಭೀಮಾ ದಂಡೆಯ ಎರೆ ಮಣ್ಣು ಗಾಲಿಗೆ ಸುತ್ತಿಕೊಂಡರೆ ಎತ್ತಿನ ಗಾಡಿಯೇ ಕದಲುವುದಿಲ್ಲ, ಇನ್ನು ಸೈಕಲ್ ಯಾವ ಲೆಕ್ಕ! ಗುರುಬಾಯಿ ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ.

"ನಗ್ರಿ, ನಗ್ರಿ," ಎಂದ ಅವನು ಮಣ್ಣಲ್ಲಿ ಕೂತೇ. "ನನ್ನ ಹೆಸರು ಬಸವಂತರಾಯ. ಈ ಬದುವಿನ ಮ್ಯಾಲ ಹೋಗಾಕ ನಿಮ್ಮ ಅಪ್ಪಣೆ ಕೇಳಾಕ ಬಂದೇನಿ."

ಅಪ್ಪಣೆ ಕೇಳುವ ರೀತಿಯೇ ಇದು? ಗುರುಬಾಯಿಗೆ ಮತ್ತೂ ನಗು ಬಂತು.

ಬಸವಂತರಾಯನ ಹಿರೀಕರದು ನಿಂಬರ್ಗಾ. ಅಪ್ಪ ಪುಣೆಯ ಮಿಲ್ಲಿಗೆ ದುಡಿಯಲು ಹೋದವರು ಅಲ್ಲೇ ನಿಂತರು. ಮಗ ಬೆಳೆದು ಸೈಕಲ್ ಫ್ಯಾಕ್ಟರಿ ಸೇರಿದ. ಗುಡ್ಡ, ಕಲ್ಲುದಾರಿ ಹತ್ತಿಳಿಯುವ ಗೇರಿನ ಸೈಕಲ್ಲುಗಳು ಆಗ ಹೊಸದಾಗಿ ಬರುತ್ತಿದ್ದವು. ಅವನ್ನು ಕೊಂಡ ಶಹರದ ಮಂದಿ ಆಯಿತವಾರ ಬಂದರೆ ಸಾಕು, ಹೊಸ ದಾರಿ ಹುಡುಕುತ್ತಿದ್ದರು. ಹಾಗಾದರೆ ನಮ್ಮ ಕಡೆ ಯಾಕೆ ಬರಬಾರದು ಎಂದು ಅವನಿಗನಿಸಿತು. ನಿಂಬರ್ಗಾದ ಕಲ್ಲುಗುಡ್ಡ, ಅತನೂರಿನ ಗಾಡಿದಾರಿ, ಕೊನೆಗೆ ಗುರುಬಾಯಿಯ ಊರಾದ ಮಣ್ಣೂರಿನ ಹೊಳೆದಂಡೆ. ಬಂದವರು ಹಳ್ಳಿಯ ಮನೆಗಳಲ್ಲಿ ಉಂಡು ಮಲಗಲಿ, ಹಳ್ಳಿಗೂ ನಾಲ್ಕು ಕಾಸು ಸಿಗಲಿ ಎಂದುಕೊಂಡು ಹೊಸ ವರ್ಷದವರೆಗೆ ರಜೆ ಹಾಕಿ ಬಂದಿದ್ದ.

ಮಣ್ಣೂರಿನ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳಿದ್ದು ಒಂದೇ ಮಾತು.

"ಯಾಕಪಾ, ಪುಣೆದಾಗ ರಸ್ತಾ ಇಲ್ಲೇನು?"

ನಗು ಎದ್ದಿತು. ಬಸವಂತ ಬೇಜಾರು ಮಾಡಿಕೊಳ್ಳಲಿಲ್ಲ. ಕಲ್ಲುಗಳಿಗೆ ಸುಣ್ಣದ ಗುರುತು ಹಚ್ಚಿದ. ಬದುವಿನ ಒಡೆಯರ ಮನೆಗೆ ಒಂದೊಂದಾಗಿ ಹೋಗಿ ಒಪ್ಪಿಸಿದ. ಅಫಜಲಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಚಾಂದಪಾಶಾನಿಗೆ ಗೇರು ಬಿಚ್ಚಿ ಕಟ್ಟುವುದು ಕಲಿಸಿದ. ಊಟದ ಮನೆ ಯಾವುದೆಂದಾಗ ಗುರುಬಾಯಿಯ ಹೆಸರನ್ನೇ ಮೊದಲು ಹೇಳಿದ.

ಗುರುಬಾಯಿಗೆ ಅಪ್ಪ ಇರಲಿಲ್ಲ. ಅವ್ವ ಗುರುಶಾಂತಮ್ಮ ಮತ್ತು ಅವಳು, ಇಬ್ಬರೇ. ಸೋದರಮಾವ ಸೊಲ್ಲಾಪುರದ ಕಡೆ ವರ ಹುಡುಕುತ್ತಿದ್ದ. ಅವಳು ಮಾತ್ರ ಪಡಸಾಲೆಗೆ ಸುಣ್ಣ ಬಳಿದಳು, ಬರುವವರಿಗೆ ಹೊದೆಯಲು ಕೌದಿ ಹೊಲಿದಳು. ಇಷ್ಟು ವರ್ಷ ಹೊಳೆಯೆಂದರೆ ಅವಳಿಗೆ ನೀರು ತರುವ ಜಾಗ. ಬಸವಂತ ಸೈಕಲ್ ನಿಲ್ಲಿಸಿ, ಬಿಸಿಲು ಇಳಿಯುವ ಹೊತ್ತಿಗೆ ಆ ಹೊಳೆಯನ್ನೇ ನೋಡುತ್ತ ನಿಂತಿದ್ದು ಕಂಡ ಮೇಲೆ ಅವಳೂ ನಿಂತು ನೋಡತೊಡಗಿದಳು.

'ಈ ದಾರಿ ನಿಂತರೆ ಇವರೂ ಇಲ್ಲೇ ನಿಲ್ಲುತ್ತಾರೆ...'

ಅಷ್ಟರ ಮುಂದಕ್ಕೆ ಯೋಚಿಸಲು ಹೆದರಿಕೆ.

ಡಿಸೆಂಬರದಲ್ಲಿ ಒಂದು ಸಂಜೆ ಅವನು ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂತ.

"ಪುಣೆಯ ಸೈಕಲ್ ಕ್ಲಬ್ಬಿನವರು ಒಪ್ಪ್ಯಾರ್ರಿ. ಜನವರಿ ಒಂದನೇ ತಾರೀಖು. ಮುಂಜಾನೆ ಅತನೂರದಿಂದ ಹೊಂಟು ಮಧ್ಯಾಹ್ನ ನಿಮ್ಮಲ್ಲಿ ಊಟ."

"ಆತ್ರಿ, ಮಾಡ್ತೇನಿ."

"ಇದೊಂದು ಸುಸೂತ್ರ ಆಗಬೇಕ್ರಿ. ಕೆಟ್ಟರ ನಾ ಪುಣೆಕ್ಕ ಹೋಗೂದೇ. ಫ್ಯಾಕ್ಟರಿಯವರು ನನ್ನ ಜಾಗ ಇನ್ನೂ ಇಟ್ಟಾರ."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಸುಣ್ಣ ಬಳಿದ ಪಡಸಾಲೆ, ಹೊಲಿದ ಕೌದಿ, ಯಾವುದೂ ಅವನ ಲೆಕ್ಕಕ್ಕೆ ಇಲ್ಲವೇ?

"ಹೋಗ್ರಿ. ನಿಮ್ಮನ್ನ ಯಾರ ಹಿಡದಾರ?"

ಅವನು ಅವಳ ಮುಖ ನೋಡಿದ. ಸೈಕಲ್ ಹತ್ತಿ ಹೋದ. ಆಮೇಲೆ ಆ ದಿನದವರೆಗೆ ಬರಲೇ ಇಲ್ಲ.

ಅವನು ಹೋದ ಮೇಲೆ ಅವ್ವ ಕೇಳಿದಳು, "ಒಂದನೇ ತಾರೀಖಂದ್ರ ಅವತ್ತೇ ಎಳ್ಳಮಾಸಿ ಅಲ್ಲೇನ ಬೇ?"

ಗುರುಬಾಯಿ ಪಂಚಾಂಗ ನೋಡಿದಳು. ಹೌದು, ಅವತ್ತೇ ಎಳ್ಳು ಅಮಾವಾಸ್ಯೆ. ಆ ಸಿಟ್ಟಿನಲ್ಲೂ ಅವಳ ಮನಸ್ಸು ಕರಗಿತು. ಹಬ್ಬದಡುಗೆಯ ಎಡೆಯನ್ನೇ ಚರಗವೆಂದು ಹೊಲಕ್ಕೆ ಚೆಲ್ಲುವ ದಿನ, ಊರಿಗೆ ಊರೇ ಹೊಲದಲ್ಲಿ ಕೂತು ಉಣ್ಣುವ ದಿನ, ಹೊಲಕ್ಕೆ ಬಂದವರನ್ನು ಯಾರೂ ಹಸಿದು ಕಳಿಸದ ದಿನ. ಪರ ಊರಿನವರಿಗೆ ನಮ್ಮ ಸೀಮೆ ತೋರಿಸಲು ಇದಕ್ಕಿಂತ ಒಳ್ಳೆಯ ದಿನ ಉಂಟೇ? ಹುಡುಕಿ ಆರಿಸಿದ್ದಾರೆ, ಶಾಣ್ಯಾ ಇದ್ದಾರೆ ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಪಾಪ, ಬಸವಂತ ನೋಡಿದ್ದು ಗೋಡೆಯ ಕ್ಯಾಲೆಂಡರು. ಹೊಸ ವರ್ಷ, ಆಯಿತವಾರ, ಎಲ್ಲರಿಗೂ ಸೂಟಿ. ಅಷ್ಟೇ ಅವನಿಗೆ ಗೊತ್ತಿದ್ದುದು.

ಆ ದಿನ ಬಂತು. ಸವಾರರು ಅತನೂರಿನ ಹೊರಗೆ ವ್ಯಾನಿನಿಂದ ಸೈಕಲ್ ಇಳಿಸಿ ಹೊರಟರು. ದಾರಿಯುದ್ದಕ್ಕೂ ಹೊಲಗಳ ತುಂಬ ಜನ. "ನೋಡಿ, ನಮ್ಮ ಮಂದಿ ಹಬ್ಬ ಹುಣ್ಣಿಮೆ ಎನ್ನದೆ ದುಡೀತಾರೆ," ಎಂದು ಬಸವಂತ ಅವರಿಗೆ ಮರಾಠಿಯಲ್ಲಿ ಹೆಮ್ಮೆಯಿಂದ ಹೇಳಿದ. ಅವನ ಅಜ್ಜ ಇದ್ದಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ.

ಮಣ್ಣೂರು ಮುಟ್ಟಿದಾಗ ಓಣಿಯಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ. ಗುರುಬಾಯಿಯ ಮನೆಗೆ ಕೀಲಿ.

ಬಸವಂತ ಬಾಗಿಲು ಬಡಿದ. ಹಿತ್ತಲಿಗೆ ಹೋಗಿ ಕೂಗಿದ. ಉತ್ತರವಿಲ್ಲ.

"ಊರವರಿಗೆ ನಾವು ಬರುವುದು ಇಷ್ಟ ಇಲ್ಲವೇನೋ," ಎಂದ ಕ್ಲಬ್ಬಿನ ಮುಖ್ಯಸ್ಥ ಬುರಾನುದ್ದೀನ, ನೀರಿನ ಬಾಟಲಿ ಅಲ್ಲಾಡಿಸುತ್ತ. "ಅಫಜಲಪುರದಲ್ಲಿ ಹೋಟೆಲ್ ಸಿಗುತ್ತದಾ?"

ಸಿಗುತ್ತದೆ ಎಂದು ಬಸವಂತ ತಲೆಯಾಡಿಸಿದ. ಗುರುಬಾಯಿ ಹೋಗ್ರಿ ಅಂದಿದ್ದಳು. ಅಷ್ಟಕ್ಕೆ ಇಷ್ಟು ಮಂದಿಯ ಎದುರು ಬಾಗಿಲು ಹಾಕುವಷ್ಟು ಕಲ್ಲು ಮನಸ್ಸೇ?

ಇತ್ತ ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಸಾಲಾಗಿ ಕಾಯುತ್ತಿದ್ದವು. ಸುತ್ತಲಿನ ಹೊಲಗಳವರು ಆಗಲೇ ಉಂಡೆದ್ದಿದ್ದರು. ಕಾದು ಕಾದು, ಗುರುಶಾಂತಮ್ಮನೇ ಚರಗದ ಬುಟ್ಟಿಯನ್ನು ಮಗಳ ಕೈಗಿಟ್ಟಳು. ಗುರುಬಾಯಿ ಜೋಳದ ಬೆಳೆಗೆ ಚರಗ ಚೆಲ್ಲುತ್ತ ನಡೆದಳು, ಹಿಂದಿನಿಂದ ಅವ್ವ ತಂಬಿಗೆಯ ನೀರು ಚಿಮುಕಿಸುತ್ತ ಬಂದಳು.

"ಹುಲ್ಲುಲ್ಲಿಗೋ..." ಎಂದು ಗುರುಬಾಯಿ ಚರಗದ ಕೂಗು ಹಾಕಿದಳು.

ಅರ್ಧ ಹೊಲ ಆಗಿತ್ತು. ದೂರದ ದಿನ್ನೆಯ ಮೇಲೆ ಸವಾರರ ಬಣ್ಣ ಬಣ್ಣದ ಟೋಪಿಗಳು ಕಂಡವು. ಅವು ಇತ್ತ ಬರುತ್ತಿರಲಿಲ್ಲ. ಅಫಜಲಪುರದ ಕಡೆ ಹೊರಟಿದ್ದವು.

ಗುರುಬಾಯಿ ಅಲ್ಲೇ ನಿಂತಳು. 'ಗಿಡದ ಕೆಳಗೆ ನೆಲದ ಮೇಲೆ ಉಣ್ಣಿಸಲು ಬಸವಂತರಾಯರಿಗೆ ನಾಚಿಕೆಯಾಯಿತೇ? ಹೋಗ್ರಿ ಅಂದಿದ್ದಕ್ಕೆ ಇದೇ ಉತ್ತರವೇ?'

ಹೋಗಲಿ ಎಂದುಕೊಂಡಳು. ಆದರೆ ಹೋದರೆ ಅವನು ಪುಣೆಗೆ ಹೋದಂತೆಯೇ. ಬುಟ್ಟಿ ಕೆಳಗಿಡಲು ಬಾಗಿದಳು.

"ಚರಗ ಅರ್ಧಕ್ಕ ಬಿಡಬ್ಯಾಡ ಬೇ. ನಮ್ಮ ಮನ್ಯಾಗ ಯಾರೂ ಬಿಟ್ಟಿಲ್ಲ," ಎಂದಳು ಅವ್ವ.

"ಬಂದು ಮುಗಸ್ತೇನಿ ಯವ್ವಾ. ಭೂಮಿತಾಯಿ ಕಾಯ್ತಾಳ. ಅವರು ಕಾಯಂಗಿಲ್ಲ."

ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಓಡಿದಳು. ಜೋಳದ ಗರಿ ಕೈ ಕೊಯ್ಯಿತು, ಚಪ್ಪಲಿ ಎಲ್ಲೋ ಉಳಿಯಿತು. ಎಲ್ಲರಿಗಿಂತ ಹಿಂದೆ, ಸೈಕಲ್ ನೂಕಿಕೊಂಡು ಬಸವಂತ ನಡೆದು ಹೋಗುತ್ತಿದ್ದ.

"ಬಸವಂತರಾಯರ!"

ಅವನು ತಿರುಗಿದ. ಕಣ್ಣು ಕೆಂಪಾಗಿದ್ದವು.

"ಊಟ ಬಿಟ್ಟು ಯಾಕ ಹೊಂಟ್ರಿ?" ಏದುಸಿರಿನಲ್ಲೇ ಕೇಳಿದಳು.

"ಕೀಲಿ ನೋಡಿ ಹೊಂಟೇನ್ರಿ. ಹೋಗ್ರಿ ಅಂದಿದ್ರಿ, ಹೊಂಟೇನಿ."

"ಎಳ್ಳಮಾಸಿ ದಿನ ಮನಿಗೆ ಕೀಲಿ ಹಾಕದ ಮತ್ತೇನ ಮಾಡ್ತಾರ್ರಿ?"

"ಎಳ್ಳ... ಏನು?"

ಗುರುಬಾಯಿ ಅವನನ್ನೇ ನೋಡಿದಳು. ಅವನು ಆಟ ಆಡುತ್ತಿರಲಿಲ್ಲ. "ಅದಕ್ಕಂತ ಅಲ್ಲೇನ್ರಿ ಈ ದಿನ ಆರಿಸಿದ್ದು?"

"ಆಯಿತವಾರ ಅಂತ ಆರಿಸಿದೆ," ಎಂದ ಬಸವಂತ ಮೆಲ್ಲಗೆ. ಸುತ್ತಲಿನ ಹೊಲಗಳ ಜನ, ಕೂಗು, ಖಾಲಿ ಓಣಿ ಎಲ್ಲ ಅವನಿಗೆ ಈಗ ಅರ್ಥವಾಗುತ್ತಿದ್ದವು. "ಮಿಲ್ಲಿನ ಚಾಳದ ಒಂದ ಖೋಲ್ಯಾಗ ಬೆಳದವ ನಾ. ನಮಗ ಹೊಲ ಎಲ್ಲಿತ್ರಿ? ಹೊಲಕ್ಕ ಉಣಸೂ ದಿನಾನೇ ಗೊತ್ತಿಲ್ಲದವ ಮಂದಿಗೆ ಈ ಸೀಮಿ ತೋರಸಾಕ ಹೊಂಟೇನಿ."

ಗುರುಬಾಯಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿದಳು ಕೂಡ.

"ನಾನೂ ಹೇಳಲಿಲ್ಲ. ಎಲ್ಲಾರಿಗೂ ಗೊತ್ತಿರ್ತದಂತ ತಿಳಕೊಂಡೆ. ಕರೀರಿ ಅವರನ್ನ, ಕಡಬು ಆರಾಕತ್ತಾವ."

ಬಸವಂತ ಸೀಟಿ ಹೊಡೆದು ಎಲ್ಲರನ್ನೂ ತಿರುಗಿಸಿದ. ಅವರು ಸೈಕಲ್ಲುಗಳನ್ನು ಬದುವಿಗೆ ಒರಗಿಸಿ ನೆಲದ ಮೇಲೆ ಕೂತು ಉಂಡರು. ಒಬ್ಬಿಬ್ಬರಿಗೆ ಭಜ್ಜಿ ಸೇರಲಿಲ್ಲ, ಉಳಿದವರು ಮತ್ತೆ ಮತ್ತೆ ಬಡಿಸಿಕೊಂಡರು. ಪಕ್ಕದ ಹೊಲದವರೂ ಹೋಳಿಗೆ ತಂದುಕೊಟ್ಟರು. ಉಂಡ ಮೇಲೆ ಬುರಾನುದ್ದೀನ ಹೊಳೆಯ ಕಡೆ ಬಹಳ ಹೊತ್ತು ನೋಡಿದ. ಮತ್ತೆ ಬರುವ ವಿಷಯ ಪುಣೆಗೆ ಹೋಗಿ ತಿಳಿಸುತ್ತೇವೆ ಎಂದಷ್ಟೇ ಹೇಳಿದ.

ಗುರುಶಾಂತಮ್ಮ ತಂಬಿಗೆಯನ್ನು ಬಸವಂತನ ಕೈಗೆ ಕೊಟ್ಟಳು.

"ಅರ್ಧ ಹೊಲ ಉಳದದ. ನನ್ನ ಕಾಲು ಸೋತಾವಪಾ. ಅಕಿ ಹಿಂದ ನೀರು ಹೊಡಕೋತ ನಡಿ."

ಅವಳು ಮುಂದೆ, ಅವನು ಹಿಂದೆ. ಎದೆಮಟ್ಟ ಬೆಳೆದ ಜೋಳದ ನಡುವೆ ಇಬ್ಬರೂ ನಡೆದರು.

"ಅವರು ಖಾತ್ರಿ ಹೇಳಲಿಲ್ಲಲ್ರಿ," ಎಂದಳು ಗುರುಬಾಯಿ, ತಿರುಗದೆ. "ಹಂಗಾದ್ರ ಪುಣೆಕ್ಕ ಹೋಗ್ತೀರಿ?"

"ಹೋಗ್ತೇನಿ."

ಅವಳ ಕೈ ಬುಟ್ಟಿಯಲ್ಲೇ ನಿಂತಿತು.

"ಇನ್ನ ಕೆಲಸಕ್ಕ ಬರಂಗಿಲ್ಲ ಅಂತ ಹೇಳಿ ಬರಾಕ," ಎಂದ ಬಸವಂತ.

"ಮಂದಿ ಬರದಿದ್ರ?"

"ಇವತ್ತಲ್ಲ ನಾಳೆ ಬರ್ತಾರ. ಬರದಿದ್ರೂ ನಾ ಇಲ್ಲೇ. ದಾರಿ ಸಲುವಾಗಿ ಬಂದೆ ಖರೆ, ನಿಲ್ಲೂದು ನಿಮ್ಮ ಸಲುವಾಗಿ. ನೀವಂದ್ರ ನನಗ ಜೀವ ಗುರುಬಾಯಿ."

ಗುರುಬಾಯಿ ತಿರುಗಿದಳು. ಕಣ್ಣು ತುಂಬಿದ್ದವು, ತುಟಿಯಲ್ಲಿ ನಗುವಿತ್ತು.

"ಇದೊಂದ ಮಾತು ಹೇಳಾಕ ಪುಣೆದಿಂದ ಇಷ್ಟು ಮಂದಿನ ಕರಕೊಂಡು ಬರಬೇಕಿತ್ತೇನ್ರಿ?"

"ಒಬ್ಬನ ಹೇಳಾಕ ಧೈರ್ಯ ಇರಲಿಲ್ರಿ... ನೀವೇನಂತೀರಿ?"

"ನೀರು ಹೊಡೀರಿ. ಹೊಲ ಇನ್ನೂ ಅದ."

"ಅದು ಹ್ಞೂಂ ಅಂದಂಗೇನ್ರಿ?"

"ಹ್ಞೂಂ," ಎಂದಳು ಗುರುಬಾಯಿ.