ಕತ್ತಲೆರಾಯನ ಪೆನ್ಸಿಲ್

"ಯಾರ್ರೀ ಇದನ್ನ ಕತ್ತಲೆ ಮಾಡಿದ್ದು?"

ಪ್ರಯೋಗಾಲಯದಲ್ಲಿದ್ದ ಇಪ್ಪತ್ತು ತಲೆಗಳೂ ಒಟ್ಟಿಗೆ ಮೇಲೆದ್ದವು. ತನ್ನ ದನಿ ಇಷ್ಟು ದೊಡ್ಡದು ಅಂತ ಅವಳಿಗೂ ಅವತ್ತೇ ಗೊತ್ತಾಗಿದ್ದು!

ಅರ್ಧ ಗಂಟೆ ಒದ್ದಾಡಿ, ಈರುಳ್ಳಿ ಬೇರಿನ ತುದಿಯಲ್ಲಿ ಎರಡಾಗಿ ಒಡೆಯುತ್ತಿದ್ದ ಒಂದು ಜೀವಕೋಶವನ್ನು ಹುಡುಕಿ ಇಟ್ಟಿದ್ದಳು. ಪೆನ್ಸಿಲ್ ತರಲು ಹೋಗಿ ಬರುವಷ್ಟರಲ್ಲಿ ಮೈಕ್ರೋಸ್ಕೋಪಿನ ಒಳಗಿದ್ದ ತಿಳಿಗುಲಾಬಿ ಬೆಳಕೆಲ್ಲ ಮಾಯ.

"ನಾನೇ ರೀ," ಅಂದ ಪಕ್ಕದ ಸ್ಟೂಲಿನವನು. "ಬೆಳಕು ಸ್ವಲ್ಪ ಕಡಿಮೆ ಮಾಡಿದೆ. ಈಗ ಆಕಾರ ಚೆನ್ನಾಗಿ ಕಾಣುತ್ತೆ."

"ಚೆನ್ನಾಗಿ? ಬಾವಿಯೊಳಗೆ ಬಗ್ಗಿ ನೋಡಿದ ಹಾಗಿದೆ!"

"ನೋಡಿ, ಬಾವಿಯೊಳಗೂ ಒಂದೊಂದು ಸಲ ಏನಾದರೂ ಸಿಗುತ್ತೆ."

ಹಿಂದಿನ ಬೆಂಚು ನಕ್ಕಿತು. ಅವಳು ಮೂತಿ ಉಬ್ಬಿಸಿ ಮೈಕ್ರೋಸ್ಕೋಪಿನ ಕೆಳಗಿದ್ದ ಸಣ್ಣ ಹಿಡಿಯನ್ನು ತಿರುಗಿಸಿ ಬೆಳಕು ಬಿಟ್ಟಳು. ಅವನು ತನ್ನ ಸರದಿಯಲ್ಲಿ ಮತ್ತೆ ಮುಚ್ಚಿದ. ಅವಳು ಬಿಟ್ಟಳು... ಅವನು ಮುಚ್ಚಿದ...

ಅವತ್ತಿಂದ ಅವನ ಹೆಸರು ಕತ್ತಲೆರಾಯ.

ಹಗಲು ಅವನು ಮಾರುಕಟ್ಟೆಯ ಮೂಲೆಯಲ್ಲಿ ಬೀಗದ ಕೈ ಮಾಡುತ್ತಿದ್ದ. ಅವಳು ಚಿಕ್ಕಮ್ಮನ ಅಂಗಡಿಯಲ್ಲಿ ಜಿಪ್ಪು ಬದಲಿಸುತ್ತ, ಪ್ಯಾಂಟಿನ ಅಂಚು ಮಡಿಚಿ ಹೊಲಿಯುತ್ತ ಕೂರುತ್ತಿದ್ದಳು. ಅರ್ಧಕ್ಕೆ ನಿಂತ ಓದನ್ನು ಸಂಜೆ ಕಾಲೇಜಿನಲ್ಲಿ ಮತ್ತೆ ಹಿಡಿದಿದ್ದಳು. ಈ ಜೀವಶಾಸ್ತ್ರ ಒಂದು ಪಾಸಾದರೆ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ. ಎರಡು ಸಲ ಆಗಲೇ ಫೇಲಾಗಿತ್ತು. ಇದು ಮೂರನೆಯದು, ಕೊನೆಯದು.

'ನನ್ನಿಂದ ಆಗುತ್ತಾ?' ಬಸ್ಸಿನಲ್ಲಿ ದಿನಾ ಇದೇ ಪ್ರಶ್ನೆ. ಮೊದಲ ದಿನ ಮೇಷ್ಟ್ರು, "ವರ್ಣತಂತು ಅಂದರೆ ಬಣ್ಣದ ದಾರ ಕಣ್ರಮ್ಮಾ, ತಂದೆತಾಯಿಯ ಗುಣ ಮಕ್ಕಳಿಗೆ ಬರುವುದು ಇದರ ಮೇಲೇ," ಅಂದಾಗ ಮಾತ್ರ ಅವಳಿಗೆ ಸ್ವಲ್ಪ ಧೈರ್ಯ ಬಂದಿತ್ತು. ದಾರ ತಾನೇ? ದಾರ ತನಗೆ ಗೊತ್ತು!

ವಿಚಿತ್ರ ಅಂದರೆ, ಒಡೆಯುವ ಕೋಶ ಹುಡುಕುವುದರಲ್ಲಿ ಕತ್ತಲೆರಾಯನೇ ಮುಂದು.

"ಬಣ್ಣ ಬಿಡಿ ಟೇಲರಮ್ಮ, ಆಕಾರ ನೋಡಿ. ಕೀ ಹಲ್ಲು ನೋಡ್ತೀವಲ್ಲ, ಹಾಗೆ. ಇವೆಲ್ಲ ನಡುವೆ ಬಂದು ಸಾಲಾಗಿ ನಿಂತಿವೆ. ಪಕ್ಕದ್ದರಲ್ಲಿ ಆಗಲೇ ಎರಡು ಪಾಲಾಗಿ ಆ ಕಡೆ ಈ ಕಡೆ ಹೊರಟಿವೆ."

"ಅಯ್ಯೋ, ಹೌದಲ್ಲ!"

ಅವಳು ಕಣ್ಣೆತ್ತಿದಾಗ ಅವನ ಮುಖ ತುಂಬ ಹತ್ತಿರದಲ್ಲಿತ್ತು. ಇಬ್ಬರೂ ಒಟ್ಟಿಗೆ ಹಿಂದೆ ಸರಿದು, ಒಟ್ಟಿಗೆ ಕೆಮ್ಮಿದರು.

"ಏನೇ, ಈರುಳ್ಳಿ ನೋಡೋಕೆ ಇಷ್ಟೊಂದು ಇಸ್ತ್ರಿ ಬೇಕಾ?" ಮರುವಾರ ಚಿಕ್ಕಮ್ಮ ಕೇಳಿದಳು.

"ಹೋಗಿ ಚಿಕ್ಕಮ್ಮ!"

ಒಂದು ಮೈಕ್ರೋಸ್ಕೋಪಿಗೆ ಇಬ್ಬರು, ಇಬ್ಬರಿಗೂ ಒಂದೇ ರೆಕಾರ್ಡ್ ಪುಸ್ತಕ. ಅದಕ್ಕೆ ಮೇಷ್ಟ್ರ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ವೀರ್ಯಾಣು, ಅಂಡಾಣು ತಯಾರಾಗುವ ವಿಭಜನೆಯ ಚಿತ್ರಗಳನ್ನು ಅವಳೇ ಬರೆದಳು. ಅಷ್ಟರಲ್ಲಿ ಅಂಗಡಿಗೆ ನಲವತ್ತು ಸಮವಸ್ತ್ರ ಬಂದು ಬಿದ್ದವು.

"ಬಣ್ಣ ಒಂದು ನೀವು ಹಚ್ಚಿಬಿಡಿ. ಪ್ರತಿ ಜೋಡಿಯಲ್ಲಿ ತಾಯಿಯಿಂದ ಬಂದ ದಾರ ಕೆಂಪು, ತಂದೆಯದು ಹಸಿರು."

ಅವನು ಪೆನ್ಸಿಲ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. "ನಾನೇ ಹಚ್ಚಬೇಕಾ?"

"ಯಾಕೆ, ಕೈ ಸವೆದು ಹೋಗುತ್ತಾ?"

ಅವನು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟ.

ಮರುದಿನ ಮೇಷ್ಟ್ರು ಪುಸ್ತಕ ಬಿಚ್ಚಿ ಕನ್ನಡಕ ಏರಿಸಿದರು. "ಏನಮ್ಮಾ ಇದು? ಈ ಜೋಡಿಯಲ್ಲಿ ಎರಡೂ ಹಸಿರು. ಈ ಮಗುವಿಗೆ ಇಬ್ಬರು ಅಪ್ಪಂದಿರು, ಅಮ್ಮನೇ ಇಲ್ಲ! ಇಲ್ಲಿ ಎರಡೂ ಕೆಂಪು, ಅಪ್ಪ ಓಡಿಹೋಗಿದ್ದಾನೆ!"

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

"ಶುಕ್ರವಾರದ ಒಳಗೆ ಪೂರ್ತಿ ಹೊಸದಾಗಿ ಬರೆದು ತನ್ನಿ. ಇಲ್ಲವೇ ಪರೀಕ್ಷೆ ಮರೆತುಬಿಡಿ."

ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದಳು. ಕಣ್ಣು ತುಂಬಿತ್ತು. "ಎಲ್ಲರ ಮುಂದೆ ಕತ್ತಲೆರಾಯ ಅಂದೆ ಅಂತ ಸೇಡು ತೀರಿಸಿಕೊಂಡ್ರಾ? ನಿಮಗೆ ತಮಾಷೆ. ನನಗೆ ಇದು ಕೊನೇ ಸಲ ರೀ!"

ಅವನ ಮುಖ ಬಿಳುಚಿಕೊಂಡಿತು. "ಕ್ಷಮಿಸಿ," ಅಂದ. ಅಷ್ಟೇ.

ಒಂದು ಕಾರಣವನ್ನಾದರೂ ಹೇಳಬಾರದಿತ್ತಾ...! ಅವಳು ಕಿಟಕಿ ಪಕ್ಕದ ಸ್ಟೂಲಿಗೆ ಹೋಗಿ ಕೂತಳು.

ಬುಧವಾರ ಮೇಷ್ಟ್ರು ಎಲ್ಲರ ಮನೆಯ ವಂಶನಕ್ಷೆಗಳನ್ನು ಗೋಡೆಗೆ ಅಂಟಿಸಿದ್ದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ನಡುವೆ ಅಡ್ಡಗೆರೆ. ಮನೆತನದ ಯಾವುದಾದರೂ ಒಂದು ಗುಣ ಇದ್ದವರಿಗೆ ಮಾತ್ರ ಒಳಗೆ ಕಪ್ಪು ತುಂಬಬೇಕು. ಯಾವುದಕ್ಕೂ ಹೆಸರಿರಲಿಲ್ಲ.

ಒಂದು ನಕ್ಷೆಯ ಮುಂದೆ ಅವಳ ಕಾಲು ನಿಂತಿತು. ಅರದಿಂದ ಉಜ್ಜಿದಂಥ ನೆಟ್ಟಗಿನ ಗೆರೆಗಳು. ಮೇಲೆ ತಾಯಿಯ ತಂದೆಯ ಚೌಕ ಕಪ್ಪು. ತಾಯಿಯ ವೃತ್ತ ಖಾಲಿ. ಕೆಳಗೆ ಒಬ್ಬನೇ ಮಗ, ಕಪ್ಪು ಚೌಕ. ಅಡಿಯಲ್ಲಿ ಸಣ್ಣ ಅಕ್ಷರ: 'ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ.'

ಬಾವಿಯಂಥ ಕತ್ತಲೆ... 'ಬಣ್ಣ ಬಿಡಿ, ಆಕಾರ ನೋಡಿ'... 'ನಾನೇ ಹಚ್ಚಬೇಕಾ'...

'ಅಯ್ಯೋ, ನಾನೇನು ಮಾಡಿಬಿಟ್ಟೆ!'

ಮರುದಿನ ಬೆಳಿಗ್ಗೆಯೇ ಅವಳು ಬೀಗದ ಅಂಗಡಿ ಮುಂದೆ ನಿಂತಿದ್ದಳು.

"ಹೇಳಬಾರದಿತ್ತಾ ರೀ?"

ಅವನು ಯಂತ್ರ ನಿಲ್ಲಿಸಿದ. "ಶಾಲೆಯಲ್ಲಿ ಎಲೆಗೆ ಕಂದು ಬಣ್ಣ ಹಚ್ಚಿ ವರ್ಷವಿಡೀ ನಗೆಪಾಟಲಾಗಿದ್ದೆ. ನಿಮ್ಮ ಮುಂದೆ ಮಾತ್ರ ಹಾಗಾಗೋದು ಬೇಡ ಅನ್ನಿಸ್ತು. ಆದರೆ ಅದಕ್ಕಿಂತ ಕೆಟ್ಟದ್ದೇ ಆಯ್ತು..." ಕೈಯಲ್ಲಿದ್ದ ಕೀ ಒರೆಸುತ್ತ ತಲೆ ತಗ್ಗಿಸಿದ. "ಬಸುರಿಯಾಗಿದ್ದಾಗ ತಾನೇ ಏನೋ ತಪ್ಪು ಮಾಡಿದೆ ಅಂತ ಅಮ್ಮ ಇವತ್ತಿಗೂ ಕಣ್ಣೀರು ಹಾಕ್ತಾಳೆ. ನಿಜವಾ ಸುಳ್ಳಾ ತಿಳಿಯೋಣ ಅಂತಲೇ ಕ್ಲಾಸಿಗೆ ಸೇರಿದ್ದು. ತಾಯಿಯಿಂದಲೇ ಬರುತ್ತೆ ಅಂದರು ಮೇಷ್ಟ್ರು. ಇದನ್ನ ಅವಳಿಗೆ ಹೇಗೆ ಹೇಳಲಿ?"

ಅವಳು ಹಲಗೆಯಿಂದ ಎರಡು ಕೀ ತೆಗೆದು ಅವನ ಮುಂದಿಟ್ಟಳು.

"ನಿಮ್ಮಮ್ಮನ ಹತ್ತಿರ ಎರಡು ಕೀ. ಒಂದು ಅಜ್ಜ ಕೊಟ್ಟಿದ್ದು, ಅದು ತೆರೆಯಲ್ಲ. ಇನ್ನೊಂದು ಅಜ್ಜಿಯದು, ಅದು ತೆರೆಯುತ್ತೆ. ಅದಕ್ಕೇ ಅವರಿಗೆ ಬಣ್ಣ ಕಾಣುತ್ತೆ. ಮಗನಿಗೆ ತಾಯಿಯಿಂದ ಹೋಗೋದು ಒಂದೇ ಕೀ. ಯಾವುದು ಅಂತ ಅವರು ಆರಿಸಿ ಕೊಡಲಿಲ್ಲ. ಕಣ್ಣು ಮುಚ್ಚಿ ಕೈ ಹಾಕಿದಾಗ ಅಜ್ಜನದು ಬಂತು. ಇದರಲ್ಲಿ ಅವರ ತಪ್ಪು ಎಲ್ಲಿದೆ ಹೇಳಿ?"

ಅವನು ಆ ಎರಡು ಕೀಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಹೀಗೆ ಹೇಳಿದರೆ ಅವಳಿಗೆ ಅರ್ಥ ಆಗುತ್ತೆ," ಅಂದ.

ಅವಳು ಚೀಲದಿಂದ ಎರಡು ಪೆನ್ಸಿಲ್ ತೆಗೆದಳು. ತುದಿಗೆ ಬಿಗಿಯಾಗಿ ದಾರ ಸುತ್ತಿತ್ತು. "ಒಂದು ಗಂಟು ಇದ್ದರೆ ಕೆಂಪು. ಎರಡು ಇದ್ದರೆ ಹಸಿರು. ಸಂಜೆ ಬೇಗ ಬನ್ನಿ, ಇಬ್ಬರೂ ಕೂತು ಬರೆಯೋಣ. ಮತ್ತೆ... ಕ್ಷಮಿಸಿ ರೀ."

ಶುಕ್ರವಾರ ಸಹಿ ಬಿತ್ತು. "ಈ ಸಲ ಎಲ್ಲ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರೆ," ಅಂದರು ಮೇಷ್ಟ್ರು.

ಫಲಿತಾಂಶ ಬಂದ ಮಧ್ಯಾಹ್ನ ಅವನು ಹೊಲಿಗೆ ಅಂಗಡಿಗೆ ಓಡಿ ಬಂದ. "ಪಾಸು! ನೀವೂ, ನಾನೂ!"

ಅವಳ ಕೈಯಿಂದ ಕತ್ತರಿ ಜಾರಿತು. ನಗು, ಅಳು ಎರಡೂ ಒಟ್ಟಿಗೆ ಬಂದವು. ಒಳಗೆ ಚಿಕ್ಕಮ್ಮನ ಹೊಲಿಗೆ ಯಂತ್ರ ಸದ್ದಿಲ್ಲದೆ ನಿಂತಿತು.

"ಅಮ್ಮ ನಕ್ಷೆಯನ್ನ ಗೋಡೆಗೆ ಹಾಕ್ತಾಳಂತೆ," ಎಂದು ಅವನು ಹಾಳೆ ಬಿಚ್ಚಿದ. "ಈಗ ಅಳೋದಿಲ್ಲ. 'ಕಣ್ಣು ನಮ್ಮಪ್ಪಂದು' ಅಂತ ಬಂದವರಿಗೆಲ್ಲ ತೋರಿಸ್ತಾಳೆ."

"ನಾನೂ ನಮ್ಮ ಮನೇಲಿ ಪರೀಕ್ಷೆ ಮಾಡಿದೆ!" ಖುಷಿಯಲ್ಲಿ ಅವಳ ಬಾಯಿಗೆ ಬೀಗವೇ ಇರಲಿಲ್ಲ. "ಅಪ್ಪ, ಅಜ್ಜ, ತಮ್ಮ, ಇಬ್ಬರು ಸೋದರಮಾವಂದಿರು, ಎಲ್ಲರ ಮುಂದೂ ದಾರದ ಉಂಡೆ ಸುರಿದೆ. ಎಲ್ಲರೂ ಕೆಂಪು, ಹಸಿರು ಸರಿಯಾಗಿ ಆರಿಸಿದರು. ಹಾಗಾಗಿ ನಮ್ಮ ಕಡೆಯಿಂದ ಬರೋ ಹಾಗೆ ಕಾಣಲ್ಲ. ಗಂಡುಮಕ್ಕಳಿಗಂತೂ..."

ಮಾತು ಅಲ್ಲೇ ನಿಂತಿತು.

"ಯಾರ ಗಂಡುಮಕ್ಕಳಿಗೆ?" ಅವನು ಮೆಲ್ಲಗೆ ಕೇಳಿದ.

ಅವಳ ಮುಖಕ್ಕೆ ರಕ್ತ ನುಗ್ಗಿತು. ಆ ಕೆಂಪು ಅವನಿಗೆ ಕಾಣಲಿಲ್ಲ. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ ಕೈ ಕಂಡಿತು. ಅಷ್ಟು ಸಾಕಾಗಿತ್ತು.

"ಲೆಕ್ಕ ಅಷ್ಟು ದೂರ ಹೋಗಿದೆಯಾ ಟೇಲರಮ್ಮ?"

"ಸರಿಯಾಗಿ ಓದಿದೀನಿ... ಅಷ್ಟೇ!"

"ನಾನು ಅಷ್ಟು ಓದಿಲ್ಲ. ಮೊದಲ ದಿನ ನೀವು ಗದರಿಸಿದಿರಲ್ಲ, ಅಲ್ಲೇ ನಿಂತುಹೋದೆ." ಅವನು ನಕ್ಷೆಯನ್ನು ಮೇಜಿನ ಮೇಲೆ ಹರಡಿದ. "ನನ್ನ ಚೌಕದ ಪಕ್ಕ ಜಾಗ ಖಾಲಿ ಇದೆ."

"ಗೆರೆ ನೆಟ್ಟಗೆ ಎಳಿಯೇ!" ಒಳಗಿನಿಂದ ಚಿಕ್ಕಮ್ಮನ ಕೂಗು ಬಂತು.

ಅವಳು ಕೈ ಚಾಚಿದಳು. "ಪೆನ್ಸಿಲ್ ಕೊಡಿ."

"ಯಾವ ಬಣ್ಣ?"

"ನೀವೇ ಆರಿಸಿ."

ಅವನು ಜೇಬಿನಿಂದ ಎರಡನ್ನೂ ತೆಗೆದು, ಹೆಬ್ಬೆರಳಿನಿಂದ ದಾರ ಸವರಿದ. ಒಂದೇ ಗಂಟಿದ್ದದ್ದನ್ನು ಅವಳ ಅಂಗೈಯಲ್ಲಿಟ್ಟ.

"ಸರಿ ಇದೆಯಾ?"

ಅವಳು ಚೌಕದ ಪಕ್ಕ ಒಂದು ವೃತ್ತ ಬರೆದು, ನಡುವೆ ಗೆರೆ ಎಳೆದು, ತಲೆ ಎತ್ತದೆ ಹೇಳಿದಳು.

"ಸರಿಯಾಗಿದೆ, ಕತ್ತಲೆರಾಯರೇ."