ಹಂಪಯ್ಯ ಮಾಸ್ತರರು ಬಚ್ಚಿಟ್ಟ ಮಟ್ಟು

ಒಂದಾನೊಂದು ಕಾಲದಲ್ಲಿ, ತುಂಗಭದ್ರೆಯ ದಂಡೆಯ ಕಂಪ್ಲಿಯಲ್ಲಿ, ಹಂಪಯ್ಯನೆಂಬ ಪೇಟಿ ಮಾಸ್ತರನಿದ್ದ. ಅವನು ಹಾರ್ಮೋನಿಯಂ ಮುಂದೆ ಕೂತರೆ ಹೊಳೆಯೂ ತುಸು ನಿಧಾನವಾಗುತ್ತಿತ್ತಂತೆ. ಅವನ ಬೆರಳ ತುದಿಯಲ್ಲಿ ನೂರು ಮಟ್ಟುಗಳಿದ್ದವು. ತೊಂಬತ್ತೊಂಬತ್ತನ್ನು ನಾಟಕ ಕಂಪನಿಗಳಿಗೆ, ಶಿಷ್ಯರಿಗೆ, ದಾರಿಹೋಕರಿಗೆ ಹಂಚಿಬಿಟ್ಟ. ಒಂದನ್ನು ಮಾತ್ರ ಬಚ್ಚಿಟ್ಟ. ಅಜ್ಜಿ ಹೇಳುವ ಕತೆಯಾಗಿದ್ದರೆ ಆ ಒಂದು ಮಟ್ಟು ಏಳು ಸಮುದ್ರದಾಚೆ ಗಿಣಿಯ ಹೊಟ್ಟೆಯಲ್ಲಿರುತ್ತಿತ್ತು. ಇದು ಪೊಲೀಸ್ ಕತೆ. ಹಾಗಾಗಿ ಅದು ಟೇಪಿನ ಸುರುಳಿಯೊಂದರಲ್ಲಿತ್ತು, ಮತ್ತು ಕಳುವಾಗಿತ್ತು. ದೂರು ಹೊಸಪೇಟೆಯ ಠಾಣೆಗೆ ಬಂದದ್ದು ೨೦೦೬ರ ಮಾರ್ಚ್ ೧೫, ಬುಧವಾರ, ಬೆಳಿಗ್ಗೆ ೧೦.೨೦ಕ್ಕೆ.

ಪಿಎಸ್‌ಐ ರಮಾ ಆಗಷ್ಟೇ ಪತ್ರಿಕೆಯನ್ನು ಮಡಚಿಟ್ಟಿದ್ದಳು. ಅವಳ ಜೊತೆಗೇ ತರಬೇತಿ ಮುಗಿಸಿದ ಈಶ್ವರ್, ಹಿಡಿದ ಅದಿರು ಲಾರಿಗಳ ಸಾಲಿನ ಮುಂದೆ ಎದೆಯುಬ್ಬಿಸಿ ನಿಂತ ಫೋಟೋ ಮೊದಲ ಪುಟದಲ್ಲೇ ಇತ್ತು.

"ಈಶ್ವರ್ ಸಾಹೇಬ್ರ ಫೋಟೋ ಮಸ್ತ್ ಬಂದೈತ್ರಿ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಹೊನ್ನೂರಸ್ವಾಮಿ.

"ಲಾರಿ ಚೊಲೋ ಬಂದಾವ," ಎಂದಳು ರಮಾ.

ದೂರು ತಂದು ಎದುರು ಕೂತ ಶೈಲಜಾ ಕಾಲೇಜಿನ ಗ್ರಂಥಪಾಲಕಿ. ಅವಳ ತಂದೆ, ಶಾಲಾ ಮೇಷ್ಟ್ರು ಗಾದಿಲಿಂಗಪ್ಪ, ೧೯೭೮ರಲ್ಲಿ ಹಂಪಿಯ ಮಂಟಪವೊಂದರಲ್ಲಿ ಹಂಪಯ್ಯ ಮಾಸ್ತರರ ಸಂದರ್ಶನವನ್ನು ಟೇಪಿಗೆ ಇಳಿಸಿದ್ದರು.

"ಮಾಸ್ತರರ ಬ್ಯಾರೆ ರೆಕಾರ್ಡು?"

"ಹಾಡಿದ್ದು ಐತ್ರಿ. ಮಾತಾಡಿದ್ದು ಇದೊಂದ. ಇದಕ್ಕ ಎರಡನೇ ಪ್ರತಿ ಇಲ್ಲ."

"ಯಾರಿಗೆ ಗೊತ್ತಿತ್ತು?"

"ಎಲ್ಲರಿಗೂ. ಏಪ್ರಿಲ್ ಎರಡಕ್ಕ ಕಂಪ್ಲಿಯೊಳಗ ಕೇಳಸ್ತೀವಿ ಅಂತ ಹೊಸಪೇಟಿ, ಕಂಪ್ಲಿ, ಸಂಡೂರು ಮೂರೂ ಊರಾಗ ಕರಪತ್ರ ಹಂಚೀವಿ. ಟೇಪು ಜಡೆಪ್ಪನ ಅಂಗಡ್ಯಾಗ ಐತಿ ಅಂತಾನೂ ಅದರಾಗ ಹಾಕಿದ್ವಿ." ಶೈಲಜಾ ಕರಪತ್ರವೊಂದನ್ನು ಮೇಜಿನ ಮೇಲಿಟ್ಟಳು. "ಅಪ್ಪ ಸಾಯೋ ಮುಂದ ಕೈ ಹಿಡಕಂಡು ಮಾತು ತಗಂಡ್ರು ಮೇಡಂ. ಮಾಸ್ತರರ ಊರಾಗ ಕೇಳಸು, ಕೇಳಿದೋರಿಗೆಲ್ಲ ಒಂದೊಂದು ಪ್ರತಿ ಕೊಡು, ಯಾರಿಗೂ ಇಲ್ಲ ಅನಬ್ಯಾಡ ಅಂತ. ಇನ್ನು ಹದಿನೆಂಟು ದಿನ ಐತಿ."

ಐಪಿಸಿ ೩೮೦ರ ಅಡಿ ಎಫ್‌ಐಆರ್ ದಾಖಲಾಯಿತು. ಅದಿರಿನ ಕೇಸು ಈಶ್ವರನಿಗೆ, ಹಳೇ ಟೇಪಿನ ಕೇಸು ತನಗೆ. ರಮಾ ಟೋಪಿ ಹಾಕಿಕೊಂಡು ಎದ್ದಳು.

ಮಧ್ಯಾಹ್ನ ೧೨.೧೫ಕ್ಕೆ ಹೊಸಪೇಟೆಯದೇ ಚಿತ್ತವಾಡ್ಗಿಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಅಂಗಡಿ ಜಡೆಪ್ಪನದು. ಟೇಪನ್ನು ಸರಿಮಾಡಿಕೊಡಲು ಒಪ್ಪಿಕೊಂಡಿದ್ದವನು ಅವನೇ. ಬೀಗ ಒಡೆದಿರಲಿಲ್ಲ. ಆಂಪ್ಲಿಫೈಯರು, ಮೊಬೈಲು ಎಲ್ಲ ಇದ್ದಲ್ಲೇ ಇದ್ದವು. ಹೋದದ್ದು ಟೇಪಿನ ಸುರುಳಿ, ಮತ್ತು ಅದನ್ನು ನುಡಿಸುವ ಹಳೆಯ ಯಂತ್ರ.

"ಬೀಗ ಹಾಕಿರಲಿಲ್ಲೇನು?"

"ಉಣ್ಣಾಕ ಹೋಗುವಾಗ ಅರ್ಧ ಶಟರ್ ಎಳೀತೀನ್ರಿ. ನಿನ್ನಿ ಉಂಡು ಬರೂದರೊಳಗ ಮಾಯ. ಮೂವತ್ತು ವರ್ಷ ಆತು, ಒಂದು ಸ್ಕ್ರೂ ಹೋಗಿಲ್ಲ." ಜಡೆಪ್ಪ ಎದುರಿನ ಸಿಡಿ ಅಂಗಡಿಯತ್ತ ಗದ್ದ ಎತ್ತಿದ. "ಆ ಮಹಾಂತೇಶನ್ನ ಕೇಳ್ರಿ. ಕಂಪ್ಯೂಟರ್ ಇಟ್ಟೀನಿ ಅಂತ ಮೆರೀತಾನ. ಈ ಕೆಲಸ ನನಗ ಬಂದದ್ದಕ್ಕ ಹೊಟ್ಟಿ ಉರಕಂಡಾನ."

ಮಹಾಂತೇಶ ನಕ್ಕುಬಿಟ್ಟ. "ಆ ಡಬ್ಬಾ ನನಗ್ಯಾಕ್ರಿ ಮೇಡಂ? ಎತ್ತಿದ್ರ ಸೊಂಟ ಹಿಡೀತೈತಿ. ನಿನ್ನಿ ಇಡೀ ದಿನ ಬಳ್ಳಾರ್‍ಯಾಗ ಮದುವಿ ವಿಡಿಯೋ ಮಾಡ್ಲಿಕ್ಹತ್ತಿದ್ದೆ." ವಿಡಿಯೋದಲ್ಲಿ ದಿನಾಂಕ, ಸಮಯ ಎರಡೂ ಇದ್ದವು.

ರಮಾ ಜಡೆಪ್ಪನ ಬಳಿಗೇ ಮರಳಿದಳು. "ಟೇಪಿನಾಗ ಏನಿತ್ತು? ಎಷ್ಟು ಕೇಳಿದ್ದಿ?"

"ಶುರುವಿಂದ ಒಂದು ಮಟ್ಟಿನ ತನಕ. ಅದನ್ನ ಮಾಸ್ತರರು ಯಾರಿಗೂ ಕಲಿಸಿಲ್ಲಂತ. ನಟ್ಟನಡುವ ಬೂಜು ತಿಂದಿತ್ರಿ. ಒಂದು ಗೇಣು ಕತ್ತರಿಸಿ ಒಗದು, ಎರಡೂ ತುದಿ ಅಂಟಿಸ್ದೆ. ಅಲ್ಲಿ ಎರಡು ಸೆಕೆಂಡು ಹಾಡು ಎಗರತೈತಿ."

ಎಗರುವುದು ಹೇಗೆಂದು ಸೀಟಿ ಹೊಡೆದು ತೋರಿಸಿದ. ಏರುತ್ತ ಹೋದ ಮಟ್ಟು ಮೆಟ್ಟಿಲು ತಪ್ಪಿದವನ ಹಾಗೆ ದಿಢೀರನೆ ಕೆಳಗೆ ಬಿದ್ದು, ಅಲ್ಲಿಂದಲೇ ನಡೆಯತೊಡಗಿತು. ಅಂದಿನಿಂದ ಹೊನ್ನೂರಸ್ವಾಮಿಗೆ ಅದೇ ಗುಂಗು. ಜೀಪಿನಲ್ಲೂ ಸೀಟಿ, ಠಾಣೆಯಲ್ಲೂ ಸೀಟಿ.

"ಹೊನ್ನೂರಸ್ವಾಮಿ, ಅದನ್ನ ನಿಲ್ಲಸ್ತೀಯೋ, ನಿನ್ನನ್ನೇ ಒಳಗ ಹಾಕಲೋ?"

೧೭ರಂದು ಆಟೋ ಚಾಲಕ ಜಂಬಪ್ಪ ಸಿಕ್ಕ. ಮಂಗಳವಾರ ಎರಡರ ಸುಮಾರಿಗೆ ಬಿಳಿ ಜುಬ್ಬದ ಹಿರಿಯರೊಬ್ಬರನ್ನು ಚಿತ್ತವಾಡ್ಗಿಯಿಂದ ಬಸ್‌ಸ್ಟ್ಯಾಂಡಿಗೆ ಬಿಟ್ಟಿದ್ದ.

"ಕೈಯಾಗ ಏನಿತ್ತು?"

"ಗೋಣಿಚೀಲ ಸುತ್ತಿದ ಪೆಟ್ಟಿಗಿ. ಹಿಡೀಲೇನ್ರಿ ಅಂದ್ರ ಮುಟ್ಟಾಕ ಬಿಡ್ಲಿಲ್ಲ. ಕೂಸಿನಂಗ ತೊಡಿ ಮ್ಯಾಲ ಇಟ್ಕಂಡು ಕುಂತಿದ್ರು. ಸಂಡೂರು ಬಸ್ ಹತ್ತಿದ್ರು."

"ಮುಖ?"

"ಟವಲ್ ಸುತ್ಕಂಡಿದ್ರು. ಸಂಡೂರಿಗೆ ಹೋಗೋರೆಲ್ಲ ಸುತ್ಕಂತಾರಲ್ರಿ, ಅದಿರಿನ ಧೂಳಿಗೆ."

ಅಲ್ಲಿಗೆ ದಾರಿ ಮುಚ್ಚಿತು. ನಾಲ್ಕು ದಿನ ಕೇಸ್ ಡೈರಿಯಲ್ಲಿ ಬರೆಯಲು ಏನೂ ಇರಲಿಲ್ಲ. ಶೈಲಜಾ ದಿನಾ ಸಂಜೆ ಬಂದು ಬೆಂಚಿನ ತುದಿಯಲ್ಲಿ ಕೂತು ಹೋಗುತ್ತಿದ್ದಳು.

೨೨ರಂದು ಸಂಡೂರಿನಲ್ಲಿ ಗಣಿ ಮಾಲೀಕರೊಬ್ಬರ ಹೊಸ ಮನೆಯ ಪ್ರವೇಶ. ಮಂತ್ರಿಗಳು ಬರುವವರಿದ್ದರು. ರಮಾಳಿಗೆ ಬಂದೋಬಸ್ತ್. ಹೆಲಿಕಾಪ್ಟರಿನ ಪಕ್ಕ ಈಶ್ವರ್, ಊಟದ ಶಾಮಿಯಾನದ ಪಕ್ಕ ಅವಳು. ಮೂಲೆಯ ಪುಟ್ಟ ವೇದಿಕೆಯಲ್ಲಿ ಐವತ್ತು ದಾಟಿದವರೊಬ್ಬರು ಹಾರ್ಮೋನಿಯಂ ನುಡಿಸುತ್ತಿದ್ದರು. ಹೋಳಿಗೆ ತಿನ್ನುವವರಲ್ಲಿ ಒಬ್ಬರೂ ತಲೆ ಎತ್ತಿರಲಿಲ್ಲ.

ಹೊನ್ನೂರಸ್ವಾಮಿಯ ಕೈಯ ತುತ್ತು ನಿಂತಿತು. "ಮೇಡಂ... ಜಡೆಪ್ಪನ ಸೀಟಿ."

ಮಟ್ಟು ಏರುತ್ತ ಏರುತ್ತ ಹೋಗಿ, ನಟ್ಟನಡುವೆ ಮೆಟ್ಟಿಲು ತಪ್ಪಿ ಬಿತ್ತು. ಅಲ್ಲಿಂದಲೇ ನಡೆಯಿತು. ನುಡಿಸುವವರು ಕಣ್ಣು ಮುಚ್ಚಿದ್ದರು.

ಅವರು ಬಸವಕುಮಾರ್, ಹಂಪಯ್ಯ ಮಾಸ್ತರರ ಹಿರಿಯ ಶಿಷ್ಯ. ಈಗ ಗಣಿ ಮಾಲೀಕರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ರಮಾ ವೇದಿಕೆಯ ಹಿಂದೆ ಅವರನ್ನು ಮಾತಾಡಿಸಿದಳು. ಸಮಯ ೨.೪೦.

"ಭಾಳ ಚೊಲೋ ನುಡಿಸಿದ್ರಿ. ಯಾರ ಮಟ್ಟು?"

"ನಮ್ಮ ಗುರುಗಳದು. ನನ್ನ ಬಿಟ್ಟು ಯಾರಿಗೂ ಬರೂದಿಲ್ಲ."

"ಅವರೇ ಕಲಿಸಿದ್ರಾ?"

"ಹದಿನಾರು ವರ್ಷ ಅವರ ಮನ್ಯಾಗ ಇದ್ದೆ."

"ನಡುವ ಒಂದು ಕಡೆ ಎಗರತೈತಲ್ರಿ?"

ಬಸವಕುಮಾರ್ ನಕ್ಕರು. "ಅದ ಅದರ ಜೀವ. ಬ್ಯಾರೇವ್ರು ನಾಲ್ಕು ಸ್ವರ ಹಾಕಿ ಇಳೀತಿದ್ರು. ಗುರುಗಳು ಹಾರಿಬಿಟ್ಟಾರ. ಎಂಟು ದಿನ ಕುಂತು ಅದನ್ನ ಸಾಧಿಸೀನಿ. ಪೊಲೀಸ್ನೋರಿಗೆ ಹೆಂಗ ತಿಳೀಬೇಕ್ರಿ?"

"ಅದು ಗುರುಗಳು ಹಾರಿದ್ದಲ್ಲ, ಸರ್," ಎಂದಳು ರಮಾ. "ಜಡೆಪ್ಪನ ಕತ್ತರಿ. ಬೂಜು ಹಿಡದಿತ್ತಂತ. ಮಂಗಳವಾರ ಬೆಳಿಗ್ಗೆ ಕತ್ತರಿಸಿ ಅಂಟಿಸ್ಯಾನ."

ಅವರ ಬೆರಳುಗಳು ಜುಬ್ಬದ ಅಂಚಿನ ಮೇಲೆ ಆ ನಾಲ್ಕು ಸ್ವರಗಳನ್ನು ಹುಡುಕಿದವು.

ಪಂಚರ ಸಮ್ಮುಖದಲ್ಲಿ ಅವರ ಮನೆ ಶೋಧಿಸಿದಾಗ ಮಂಚದ ಕೆಳಗೆ ಯಂತ್ರ ಸಿಕ್ಕಿತು. ಆ ಒಂದೇ ಜಾಗವನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ಟೇಪು ಮೂರು ಕಡೆ ತುಂಡಾಗಿತ್ತು. ತುಂಡುಗಳನ್ನು ರೇಷ್ಮೆ ಶಲ್ಯದಲ್ಲಿ ಮಡಚಿಟ್ಟಿದ್ದರು. ೪.೫೦ಕ್ಕೆ ಬಂಧನವಾಯಿತು.

"ಯಾಕ್ರಿ?" ಎಂದಷ್ಟೇ ಕೇಳಿದಳು ರಮಾ.

"ಅವತ್ತು ನಾನೂ ಹಂಪ್ಯಾಗ ಇದ್ದೆ. ನನಗ ಇಪ್ಪತ್ತಾರು. 'ಲೇ ಬಸ್ಯಾ, ಮೇಷ್ಟ್ರಿಗೆ ಚಾ ತಗಂಡ್ ಬಾ' ಅಂದ್ರು. ತಂದು ನೋಡಿದ್ರ ಪೇಟಿ ಮುಚ್ಚಿತ್ತು." ಅವರು ಗೋಡೆ ನೋಡುತ್ತ ಹೇಳಿದರು. "ಅವರ ಪೇಟಿ ಹೊತ್ತೀನಿ, ಧೋತರ ಒಗದೀನಿ. ನನಗ ಕೊಡದ್ದನ್ನ ಒಂದು ಯಂತ್ರಕ್ಕ ಕೊಟ್ಟಿದ್ರು. ಈಗ ಆ ಮೇಷ್ಟ್ರ ಮಗಳು ಊರಿಗೆಲ್ಲ ಹಂಚ್ತಾಳಂತ, ನನಗ ಅತಿಥಿ ಅಂತ ಕರದಾಳ. ಮಿರ್ಚಿ ಮಾರೋನು, ಟೈರ್ ಪಂಚರ್ ಹಾಕೋನು, ನಾನು, ಎಲ್ಲರೂ ಒಂದ ಸಲ ಕೇಳಬೇಕಾ? ಅವರಿಗಿಂತ ಒಂದು ದಿನ ಮೊದಲಾದ್ರೂ ನನ್ನದಾಗಬೇಕಿತ್ತು."

ರಮಾ ಅದನ್ನೆಲ್ಲ ಬರೆದುಕೊಂಡಳು. ಹೊಟ್ಟೆಕಿಚ್ಚು ಎಂಬ ಪದ ಬರೆಯುವಾಗ ಮಾತ್ರ ಪೆನ್ನು ಒಂದು ಕ್ಷಣ ತಡೆಯಿತು. ಈಶ್ವರನ ಫೋಟೋ ಇದ್ದ ಪತ್ರಿಕೆಯನ್ನು ಅವಳು ಅಂದು ಮಡಚಿಟ್ಟಿದ್ದಷ್ಟೇ ಅಲ್ಲ, ಮೇಲೆ ಚಹಾದ ಲೋಟವನ್ನೂ ಇಟ್ಟಿದ್ದಳು.

ಜಪ್ತಾದ ಮಾಲು ನ್ಯಾಯಾಲಯದ್ದು. ಅದನ್ನು ಬಿಡಿಸಿಕೊಳ್ಳಲು ಶೈಲಜಾ ಅರ್ಜಿ ಹಾಕಿದಳು, ರಮಾ ತಕರಾರಿಲ್ಲವೆಂದು ಬರೆದುಕೊಟ್ಟಳು. ಯುಗಾದಿಯ ಹಿಂದಿನ ದಿನ, ೨೯ರಂದು, ಆದೇಶ ಕೈಗೆ ಬಂತು. ಉಳಿದದ್ದು ನಾಲ್ಕೇ ದಿನ. ತುಂಡುಗಳನ್ನು ಜೋಡಿಸುವ ಕೈ ಜಡೆಪ್ಪನದು, ಸಿಡಿಗೆ ಇಳಿಸುವ ಕಂಪ್ಯೂಟರ್ ಮಹಾಂತೇಶನದು.

"ನಿನ್ನ ಕಂಪ್ಯೂಟರಿಗೆ ಅಂಟಿಸಾಕ ಬರತೈತೇನಲೇ?"

"ನಿನ್ನ ಡಬ್ಬಾಕ್ಕ ಸಿಡಿ ಮಾಡಾಕ ಬರತೈತೇನು? ಸುಮ್ನ ವೈರ್ ಕೊಡು."

ಬೈದಾಡುತ್ತಲೇ ಇಬ್ಬರೂ ಹಬ್ಬದ ದಿನವೂ ಕೂತರು. ಸುರುಳಿ ಮುಗಿದಾಗ ಜಡೆಪ್ಪ ಅದನ್ನು ತಿರುವಿ ಹಾಕಿದ. ಇನ್ನೊಂದು ಮಗ್ಗುಲಲ್ಲೂ ದನಿಯಿತ್ತು. ಅದನ್ನು ಅಲ್ಲಿಯವರೆಗೆ ಜಡೆಪ್ಪನೂ ಕೇಳಿರಲಿಲ್ಲ, ಬಸವಕುಮಾರರೂ ಕೇಳಿರಲಿಲ್ಲ.

ಏಪ್ರಿಲ್ ೨, ಭಾನುವಾರ, ಸಂಜೆ ೫.೩೦. ಕಂಪ್ಲಿಯ ಶಾಲೆಯ ಅಂಗಳ ತುಂಬಿತ್ತು. ಪಕ್ಕದ ಹಳ್ಳಿ ಮೆಟ್ರಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ದರು. ಜಾಮೀನಿನ ಮೇಲೆ ಹೊರಬಂದಿದ್ದ ಬಸವಕುಮಾರ್ ಗೇಟಿನಾಚೆ ಬೇವಿನ ಮರಕ್ಕೆ ಒರಗಿ ನಿಂತಿದ್ದರು. ಮಟ್ಟು ಬಂತು, ಎಗರಿತು, ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎರಡನೆಯ ಮಗ್ಗುಲಿನ ಆರಂಭದಲ್ಲಿ ಗಾದಿಲಿಂಗಪ್ಪ ಮೇಷ್ಟ್ರ ದನಿ ಕೇಳಿತು: "ಇದನ್ನ ಬಸವಕುಮಾರಗ ಯಾಕ ಕಲಿಸಿಲ್ಲ, ಮಾಸ್ತರ?"

ಪೇಟಿಯ ಮುಚ್ಚಳ ಹಾಕಿದ ಸದ್ದು. ಆಮೇಲೆ ಮುದುಕನ ಗಂಟಲು.

"ಬಸ್ಯಾನ ಕೈ ನನ್ನ ಕೈಗಿಂತ ಚೊಲೋ ಐತ್ರಿ. ಇದನ್ನೂ ಕೊಟ್ಟೆ ಅಂದ್ರ ನನ್ನ ಯಾರು ನೆನಸ್ತಾರ? ಒಂದಾದ್ರೂ ನನಗ ಇರ್ಲಿ... ಚಾ ತಗಂಡು ಬಂದ ನೋಡ್ರಿ. ಬಂದ್ ಮಾಡ್ರಿ ಅದನ್ನ."

ಟಕ್ಕೆಂದು ಟೇಪು ನಿಂತಿತು.

ಸಿಡಿಗಳಿಗೆ ಜನ ಮುಗಿಬಿದ್ದರು. ಗದ್ದಲ ಕರಗಿ ಅಂಗಳ ಖಾಲಿಯಾದ ಮೇಲೆ ಬಸವಕುಮಾರ್ ನಡೆದು ಬಂದು ಮೇಜಿನ ಮುಂದೆ ನಿಂತರು. ಅವರ ಮುಖದ ಮೇಲೆ ಟವಲ್ ಇರಲಿಲ್ಲ.

"ನನಗೊಂದು ಕೊಡ್ತೀರೇನ್ರಿ, ತಂಗಿ?"

ಶೈಲಜಾ ರಮಾಳತ್ತ ನೋಡಿದಳು. ಇದಕ್ಕೆ ಯಾವ ಸೆಕ್ಷನ್ನೂ ಇರಲಿಲ್ಲ. ಶೈಲಜಾ ಡಬ್ಬದಲ್ಲಿ ಉಳಿದಿದ್ದ ಸಿಡಿಯೊಂದನ್ನು ತೆಗೆದು, ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.